ಅಮ್ಮನಿಗೆ ಏನು ತೋರಿಸ್ತೀರಿ?

ಡಿಸೆಂಬರಿಗೆ ಅಮ್ಮ ಬರ್ತಾರೆ ಅಂತ ಖಚಿತವಾದ ದಿನ ನೀವು ಮಾಡುವ ಮೊದಲ ಕೆಲಸ ಯಾವುದು? ನನಗೆ ಗೊತ್ತಿರುವ ಹತ್ತು ಮನೆಗಳಲ್ಲಿ ಒಂಬತ್ತರಲ್ಲಿ ಅದು ಪಟ್ಟಿ ಬರೆಯೋದು. ಗೋಲ್ಡನ್ ಗೇಟ್ ಸೇತುವೆ, ಪಿಯರ್ 39ರ ಕಡಲಸಿಂಹಗಳು, ಕೇಬಲ್ ಕಾರು, ಮ್ಯೂರ್ ವುಡ್ಸ್, ಲಿವರ್‌ಮೋರ್ ದೇವಸ್ಥಾನ, ಸ್ಟ್ಯಾನ್‌ಫರ್ಡ್, ಆ್ಯಪಲ್ ಪಾರ್ಕ್. ಮಕ್ಕಳಿಗೆ ರಜೆ ಇರುವ ಎರಡು ವಾರದಲ್ಲಿ ಲಾಸ್ ಏಂಜಲೀಸಿಗೊಂದು ಟ್ರಿಪ್. ಆಮೇಲೆ ಪಟ್ಟಿಯ ಮುಂದೆ ತಾರೀಖು ಬೀಳುತ್ತೆ. ಮಳೆ ಬಂದರೆ ಯಾವ ದಿನಕ್ಕೆ ಏನು ಬದಲಿ ಅನ್ನೋದಕ್ಕೂ ಒಂದು ಕಾಲಂ ಇರುತ್ತೆ, ನಾವು ಕೆಲಸ ಮಾಡುವ ರೀತಿಯೇ ಅದಲ್ಲವೇ.

ಈ ಪಟ್ಟಿಯನ್ನು ಗೇಲಿ ಮಾಡೋದು ಸುಲಭ. "ಅಮ್ಮನಿಗೆ ಬೇಕಾಗಿರೋದು ಸೇತುವೆ ಅಲ್ಲ, ನೀನು" ಅಂತ ಬುದ್ಧಿ ಹೇಳುವವರು ಎಲ್ಲ ವಾಟ್ಸ್ಯಾಪ್ ಗುಂಪಿನಲ್ಲೂ ಒಬ್ಬರು ಇರ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆ ಇಲ್ಲ. ಅಮ್ಮನಿಗೆ ಸೇತುವೆಯೂ ಬೇಕು. ಯಾಕಂದ್ರೆ ಅವರು ಊರಿಗೆ ವಾಪಸ್ ಹೋದ ಮೇಲೆ ಉತ್ತರ ಕೊಡಬೇಕಾದವರು ಬಹಳ ಜನ ಇದ್ದಾರೆ. ಪಕ್ಕದ ಮನೆಯವರು, ದೇವಸ್ಥಾನದಲ್ಲಿ ಸಿಗುವವರು, ಬೀಗರು, ಹೂವಿನವಳು. "ಅಮೆರಿಕಾದಲ್ಲಿ ಏನೇನು ನೋಡಿದ್ರಿ?" ಅಂತ ಎಲ್ಲರೂ ಕೇಳ್ತಾರೆ. ಆ ಪ್ರಶ್ನೆಗೆ "ಮಗನ ಮನೆ ಅಡುಗೆಮನೆ ನೋಡಿದೆ" ಅಂತ ಹೇಳೋಕೆ ಯಾವ ತಾಯಿಗೂ ಇಷ್ಟವಿರಲ್ಲ. ಕೆಂಪು ಸೇತುವೆಯ ಮುಂದೆ ಸೀರೆ, ಸ್ವೆಟರು, ಬಿಳಿ ಶೂ ಹಾಕಿಕೊಂಡು ನಿಂತ ಫೋಟೋ ಒಂದು ಸಾಕ್ಷಿ. ಮಗ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ, ನಾನು ಅವನ ಮನೆಗೆ ಭಾರವಾಗಿರಲಿಲ್ಲ ಅನ್ನೋದಕ್ಕೆ ಸಾಕ್ಷಿ.

ಹಾಗಾಗಿ ಸುತ್ತಾಡೋದು ತಪ್ಪಾ ಸರಿಯಾ ಅನ್ನೋದು ನನ್ನ ಪ್ರಶ್ನೆ ಅಲ್ಲ. ಇಷ್ಟೆಲ್ಲ ತೋರಿಸುವಾಗ ನಾವು ಏನನ್ನು ಮರೆಮಾಡ್ತೀವಿ, ಮರೆಮಾಡೋ ಹಕ್ಕು ನಮಗೆ ಎಷ್ಟಿದೆ, ಇದು ಪ್ರಶ್ನೆ.

ಚಿಕ್ಕದರಿಂದ ಶುರು ಮಾಡೋಣ: ಬೆಲೆ. ಭಾರತದಿಂದ ಬಂದ ಅಪ್ಪ ಅಮ್ಮಂದಿರ ತಲೆಯಲ್ಲಿ ಒಂದು ಗುಣಾಕಾರದ ಯಂತ್ರ ಓಡ್ತಾ ಇರುತ್ತೆ. ಕಾಫಿಗೆ ಆರು ಡಾಲರ್ ಅಂತ ಕೇಳಿದ ತಕ್ಷಣ ಅದು ಐನೂರು ರೂಪಾಯಿ ದಾಟಿ ನಿಂತಿರುತ್ತೆ. ಆಮೇಲೆ ಆ ಕಾಫಿ ಅವರ ಗಂಟಲಲ್ಲಿ ಇಳಿಯಲ್ಲ. ಇದು ಗೊತ್ತಿರುವ ನಾವು ಸುಳ್ಳು ಹೇಳ್ತೀವಿ. "ಇಲ್ಲಮ್ಮ, ಆಫೀಸಿನಿಂದ ಫ್ರೀ ಪಾಸ್ ಸಿಕ್ಕಿದ್ದು." "ಇವತ್ತು ಡಿಸ್ಕೌಂಟ್ ಇತ್ತು." ಬಿಲ್ಲನ್ನು ಮೇಜಿನ ಕೆಳಗೆ ಮಡಚಿ ಜೇಬಿಗೆ ಹಾಕ್ಕೊಳ್ತೀವಿ. ಸ್ವೆಟರಿನ ಬೆಲೆಚೀಟಿಯನ್ನು ಅಂಗಡಿಯಲ್ಲೇ ಕಿತ್ತು ತರ್ತೀವಿ.

ಈ ಸುಳ್ಳು ನಮಗೆ ಎಲ್ಲಿಂದ ಬಂತು ಅಂತ ಯೋಚನೆ ಮಾಡಿದೀರಾ? ಅಮ್ಮಂದಿರಿಂದಲೇ ಬಂದದ್ದು. ದೋಸೆ ಹಿಟ್ಟು ಕಡಿಮೆ ಇದ್ದ ದಿನ "ನಂದು ಆಗಲೇ ಆಯ್ತು, ನೀವು ತಿನ್ನಿ" ಅಂದವರು ಅವರು. ಫೀಸು ಕಟ್ಟೋಕೆ ಬಳೆ ಅಡವಿಟ್ಟು "ಪಾಲಿಶ್‌ಗೆ ಕೊಟ್ಟಿದೀನಿ" ಅಂದವರು ಅವರು. ಪ್ರೀತಿಗೆ ನಮ್ಮ ಮನೆಗಳಲ್ಲಿ ಇರುವ ವ್ಯಾಕರಣವೇ ಇದು, ಖರ್ಚನ್ನು ಮುಚ್ಚಿಡೋದು. ಕೊಟ್ಟವರು ಎಷ್ಟು ಕೊಟ್ಟೆ ಅಂತ ಹೇಳಬಾರದು. ಹಾಗೆ ನೋಡಿದರೆ ಮಕ್ಕಳು ಈಗ ಹೇಳುವ ಸುಳ್ಳು ಹಳೆಯ ಸಾಲದ ವಾಪಸಾತಿ.

ಆದರೆ ಒಂದು ವ್ಯತ್ಯಾಸ ಇದೆ. ದೋಸೆಯ ಸುಳ್ಳಿನಲ್ಲಿ ಮಗುವಿಗೆ ನಿರ್ಧಾರ ಮಾಡುವ ಶಕ್ತಿ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಅಮ್ಮನಿಗೆ ಇದೆ. ನಲವತ್ತು ವರ್ಷ ಒಂದು ಸಂಬಳದಲ್ಲಿ ಮನೆ ನಡೆಸಿ, ಚೀಟಿ ಹಾಕಿ, ಸೈಟು ಕೊಂಡು, ಮದುವೆ ಮಾಡಿದ ಹೆಂಗಸಿಗೆ ದುಡ್ಡಿನ ವಿಷಯ ಗೊತ್ತಾಗಲ್ಲ ಅಂತ ನಾವು ಅಂದುಕೊಂಡರೆ ಅದು ಕರುಣೆಯ ವೇಷ ಹಾಕಿದ ಅವಮಾನ.

ಫ್ರೀಮಾಂಟಿನ ಒಂದು ಮನೆಯಲ್ಲಿ ಮಗಳು ಇದನ್ನು ಬೇರೆ ಥರ ಮಾಡಿದಳು. ಅಮ್ಮ ಬಂದ ಮೊದಲ ವಾರವೇ ಒಂದು ಕವರ್ ಕೈಗಿಟ್ಟು, "ನೀನು ಬರ್ತೀಯ ಅಂತ ವರ್ಷ ಪೂರ್ತಿ ಇಷ್ಟು ಎತ್ತಿಟ್ಟಿದೀನಿ. ಇದು ಸುತ್ತೋದಕ್ಕೇ ಇರೋದು, ಉಳಿಸಿದರೆ ವಾಪಸ್ ಬ್ಯಾಂಕಿಗೆ ಹೋಗಲ್ಲ. ಎಲ್ಲಿಗೆ ಹೋಗೋಣ ನೀನೇ ಹೇಳು" ಅಂದಳು. ಅಮ್ಮ ಎರಡು ದಿನ ಲೆಕ್ಕ ಹಾಕಿದರಂತೆ, ಮೊಮ್ಮಗನ ಹಳೆಯ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ. ಲಾಸ್ ಏಂಜಲೀಸನ್ನು ಹೊಡೆದು ಹಾಕಿದರು. ಲಿವರ್‌ಮೋರ್ ದೇವಸ್ಥಾನಕ್ಕೆ ಎರಡು ಸಲ ಅಂತ ಬರೆದರು. ಇನ್ನೊಂದು, ಸ್ಯಾನ್ ಹೊಸೆಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಕ್ಯಾಲ್‌ಟ್ರೇನಿನಲ್ಲಿ, ಕಿಟಕಿ ಪಕ್ಕ ಕೂತು. 2024ರ ಸೆಪ್ಟೆಂಬರಿನಿಂದ ಆ ದಾರಿಯಲ್ಲಿ ಹೊಸ ಕರೆಂಟ್ ರೈಲು ಓಡ್ತಾ ಇದೆ. ಅಮ್ಮನ ತಂದೆ ಬಂಗಾರಪೇಟೆಯಲ್ಲಿ ರೈಲ್ವೆಯಲ್ಲಿದ್ದವರು. ಮಗಳ ಪಟ್ಟಿಯಲ್ಲಿ ರೈಲು ಇರಲೇ ಇಲ್ಲ, ಇರೋದಕ್ಕೂ ಸಾಧ್ಯ ಇರಲಿಲ್ಲ.

ಬೆಲೆಯನ್ನು ಮುಚ್ಚಿಡೋದರಲ್ಲಿ ಇನ್ನೊಂದು ಅಪಾಯ ಇದೆ, ಇದು ಚಿಕ್ಕದಲ್ಲ. ನಾವು ಒಂದೊಂದು ಬಿಲ್ಲನ್ನೂ ಮಡಚಿ ಇಟ್ಟರೆ ಅಮ್ಮ ಕಲಿಯೋದು ಏನು? ಇಲ್ಲಿ ಎಲ್ಲಕ್ಕೂ ಹೇಳಲಾಗದಷ್ಟು ಬೆಲೆ ಇದೆ ಅಂತ. ಅಮೆರಿಕದಲ್ಲಿ ಡಾಕ್ಟರ ಹತ್ತಿರ ಹೋದರೆ ಮನೆ ಮಾರಬೇಕು ಅನ್ನೋ ಮಾತು ಅವರು ವಿಮಾನ ಹತ್ತೋಕೆ ಮುಂಚೆಯೇ ಕೇಳಿರ್ತಾರೆ. ಅದು ಪೂರ್ತಿ ಸುಳ್ಳೂ ಅಲ್ಲ. ಪ್ರವಾಸಿ ವೀಸಾದಲ್ಲಿ ಬಂದವರಿಗೆ ನಮ್ಮ ಕಂಪನಿಯ ವಿಮೆ ಬರಲ್ಲ. ಬೇರೆಯಾಗಿ ಕೊಳ್ಳುವ ವಿಮೆಯಲ್ಲಿ ಹಳೆಯ ಕಾಯಿಲೆಗಳನ್ನು ಸಾಮಾನ್ಯವಾಗಿ ಹೊರಗಿಟ್ಟಿರ್ತಾರೆ, ಅಥವಾ ಹತ್ತು ಷರತ್ತು ಹಾಕಿರ್ತಾರೆ. ಇದನ್ನೆಲ್ಲ ಅರ್ಧ ಕೇಳಿ ಅರ್ಧ ಊಹಿಸಿ ಅಮ್ಮ ತಮ್ಮ ಪಾಲಿನ ಮುಚ್ಚುಮರೆ ಶುರು ಮಾಡ್ತಾರೆ. ನನಗೆ ಗೊತ್ತಿರುವ ಒಬ್ಬರ ತಾಯಿ ನಾಲ್ಕು ದಿನ ಜ್ವರ ಇಟ್ಟುಕೊಂಡು, ಊರಿನಿಂದ ತಂದ ಡೋಲೋ ನುಂಗ್ತಾ, ಮನೆಯವರ ಜೊತೆ ಸ್ಯಾನ್ ಹೊಸೆಯ 'ಕ್ರಿಸ್ಮಸ್ ಇನ್ ದ ಪಾರ್ಕ್' ದೀಪಗಳನ್ನು ನೋಡೋದಕ್ಕೂ ಬಂದರು. ಐದನೆಯ ದಿನ ಎಮರ್ಜೆನ್ಸಿಗೆ ಕರೆದೊಯ್ಯಬೇಕಾಯಿತು. ಮೂತ್ರದ ಸೋಂಕು ಮೇಲಕ್ಕೇರಿತ್ತು. ಮೊದಲ ದಿನವೇ ಹೇಳಿದ್ದರೆ ಕ್ಲಿನಿಕ್ಕಿನ ಒಂದು ಭೇಟಿ, ಒಂದು ವಾರದ ಮಾತ್ರೆ. "ನಿಮ್ಮ ರಜೆ ಹಾಳಾಗುತ್ತೆ ಅಂತ ಸುಮ್ಮನಿದ್ದೆ" ಅಂದರಂತೆ. ಅವರು ಸುಳ್ಳು ಹೇಳಿದ್ದು ಯಾರಿಂದ ಕಲಿತು? ನಾವು ಅವರಿಂದ ಕಲಿತೆವು, ಈಗ ಅವರು ನಮ್ಮಿಂದ. ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡ್ತಾ ಕಾಪಾಡ್ತಾ ಆಸ್ಪತ್ರೆ ಸೇರಿದರು.

ಇನ್ನೊಂದು ವಿಷಯ ಬೇಗ ಹೇಳಿ ಮುಗಿಸ್ತೀನಿ. ಶಾಲೆಗೆ ರಜೆ ಇರುವ ವಾರಗಳಲ್ಲಿ ಅಮ್ಮನನ್ನು ಕರೆಸಿಕೊಳ್ಳೋದರಲ್ಲಿ ಒಂದು ಅನುಕೂಲ ಇದೆ, ಅದು ನಮಗೆಲ್ಲ ಗೊತ್ತು. ಮಕ್ಕಳನ್ನು ನೋಡಿಕೊಳ್ಳೋಕೆ ಜನ ಇರ್ತಾರೆ, ಚಪಾತಿ ಬಿಸಿಬಿಸಿ ಬರುತ್ತೆ. ಅದರಲ್ಲಿ ತಪ್ಪೇನಿಲ್ಲ, ಅವರಿಗೂ ಕೈಗೆ ಕೆಲಸ ಬೇಕು. ಆದರೆ ಸೋಮವಾರದಿಂದ ಶುಕ್ರವಾರದವರೆಗೆ ಅಡುಗೆ, ಶನಿವಾರ ಮ್ಯೂರ್ ವುಡ್ಸ್ ಅಂತ ಆದರೆ ಮ್ಯೂರ್ ವುಡ್ಸ್ ಸಂಬಳವಾಗುತ್ತೆ. ಸಂಬಳ ಅಂತ ಯಾರೂ ಹೇಳಲ್ಲ, ಅದಕ್ಕೇ ಅದರ ಬಗ್ಗೆ ಮಾತಾಡೋದಕ್ಕೂ ಆಗಲ್ಲ.

ಈಗ ದೊಡ್ಡದಕ್ಕೆ ಬರ್ತೀನಿ.

ನಮ್ಮ ಪರಿಚಯದ ಒಬ್ಬರಿಗೆ ಒಂದು ನವೆಂಬರಿನ ಎರಡನೆಯ ವಾರದಲ್ಲಿ ಕೆಲಸ ಹೋಯಿತು. ಎಚ್-1ಬಿ ವೀಸಾದವರು. ಈ ಬ್ಲಾಗ್ ಓದುವ ಬಹಳ ಜನಕ್ಕೆ ಇದರ ಅರ್ಥ ವಿವರಿಸಬೇಕಾಗಿಲ್ಲ. ಇಲ್ಲೇ ಹುಟ್ಟಿದವರಿಗಾಗಿ ಹೇಳ್ತೀನಿ: ಕೆಲಸ ಹೋದ ಮೇಲೆ ಸಾಮಾನ್ಯವಾಗಿ ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಹೊಸ ಕಂಪನಿ ಅರ್ಜಿ ಹಾಕಬೇಕು, ಇಲ್ಲವೇ ಬೇರೆ ವೀಸಾಕ್ಕೆ ಬದಲಾಗಬೇಕು, ಇಲ್ಲವೇ ದೇಶ ಬಿಡಬೇಕು. ಅವರ ತಾಯಿಯ ಟಿಕೆಟ್ಟು ಡಿಸೆಂಬರಿನ ಮೊದಲ ವಾರಕ್ಕೆ ಆಗಿತ್ತು. ಅವರು ಹೇಳಲಿಲ್ಲ. ಬೆಳಿಗ್ಗೆ ಎಂಟೂವರೆಗೆ ಡಬ್ಬಿ, ಲ್ಯಾಪ್‌ಟಾಪ್ ತಗೊಂಡು ಹೊರಟು ಊರಿನ ಗ್ರಂಥಾಲಯದಲ್ಲಿ ಕೂತು ಅರ್ಜಿ ಹಾಕೋರು, ಇಂಟರ್ವ್ಯೂ ಕೊಡೋರು, ಸಂಜೆ ಆರಕ್ಕೆ ವಾಪಸ್. ವಾರದ ಕೊನೆಯಲ್ಲಿ ಪಟ್ಟಿಯ ಪ್ರಕಾರ ಸುತ್ತಾಟ. ಸೇತುವೆ ಆಯ್ತು, ಕೇಬಲ್ ಕಾರು ಆಯ್ತು, ಯೂನಿಯನ್ ಸ್ಕ್ವೇರಿನ ದೊಡ್ಡ ಕ್ರಿಸ್ಮಸ್ ಮರದ ಮುಂದೆ ಫೋಟೋ ಆಯ್ತು. ಹೆಂಡತಿಗೆ ಗೊತ್ತಿತ್ತು. ಒಂಬತ್ತು ವರ್ಷದ ಮಗನಿಗೂ ಗೊತ್ತಿತ್ತು, ಅಜ್ಜಿಗೆ ಹೇಳಬೇಡ ಅಂತ ಹೇಳಿಕೊಟ್ಟಿದ್ದರು.

ಜನವರಿಯ ಮೊದಲ ವಾರದಲ್ಲಿ ಬೇರೆ ಕೆಲಸ ಸಿಕ್ಕಿತು. ಫೆಬ್ರವರಿಯಲ್ಲಿ ತಾಯಿ ಸಂತೋಷವಾಗಿ ಊರಿಗೆ ಹೋದರು.

ನೀವಾಗಿದ್ದರೆ ಏನು ಮಾಡ್ತಿದ್ದಿರಿ? ಉತ್ತರ ಕೊಡೋಕೆ ಮುಂಚೆ ಅವರ ವಾದವನ್ನು ಸರಿಯಾಗಿ ಕೇಳಿಸಿಕೊಳ್ಳಿ. ಹೇಳಿದ್ದರೆ ಅಮ್ಮ ಟಿಕೆಟ್ ರದ್ದು ಮಾಡ್ತಿದ್ದರು. ಬಂದಿದ್ದರೂ ಒಂದು ರಾತ್ರಿ ನಿದ್ದೆ ಮಾಡ್ತಿರಲಿಲ್ಲ. ಬಿಪಿ ಇರುವವರು. ಅವರಿಂದ ಆಗುವ ಸಹಾಯ ಏನೂ ಇರಲಿಲ್ಲ, ಕಷ್ಟ ಮಾತ್ರ ಇಬ್ಬರದ್ದಾಗ್ತಿತ್ತು. ಅವರ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಮತ್ತೊಂದು ಸಲ ಇಷ್ಟು ದೂರ ಬರೋದು ಅನುಮಾನ. ಬಹುಶಃ ಇದೇ ಕೊನೆಯ ಭೇಟಿ. ಆ ಭೇಟಿ ಚೆನ್ನಾಗಿರಲಿ ಅಂತ ಒಬ್ಬ ಮಗ ಆಸೆಪಟ್ಟರೆ ತಪ್ಪೇ?

ಸತ್ಯದ ಮಾತು ಬಂದಾಗ ಕನ್ನಡದವರಿಗೆ ತಟ್ಟನೆ ನೆನಪಾಗೋದು ಪುಣ್ಯಕೋಟಿ. ಶಾಲೆಗೆ ಹೋದವರಿಗೂ ಹೋಗದವರಿಗೂ ಆ ಹಸುವಿನ ಕಥೆ ಗೊತ್ತು. ಇಲ್ಲೇ ಬೆಳೆದ ನಿಮ್ಮಲ್ಲೂ ಬಹಳ ಜನ ಭಾನುವಾರದ ಕನ್ನಡ ತರಗತಿಯಲ್ಲಿ ಅದನ್ನು ಹಾಡಿರ್ತೀರಿ. ಹಸು ಹುಲಿಗೆ ಕೊಟ್ಟ ಮಾತು ಉಳಿಸಿಕೊಂಡಿತು, ಆದ್ದರಿಂದ ಸತ್ಯ ಹೇಳಬೇಕು ಅಂತ ನಮಗೆ ಕಲಿಸಿದರು. ಆದರೆ ಆ ಕಥೆಯಲ್ಲಿ ಇನ್ನೊಂದು ಸತ್ಯ ಇದೆ, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡಲ್ಲ. ಹುಲಿಯಿಂದ ಸ್ವಲ್ಪ ಹೊತ್ತು ಬಿಡುವು ಪಡೆದು ಹಸು ಕೊಟ್ಟಿಗೆಗೆ ಬಂತಲ್ಲ, ಆಗ ಅದು ಕರುವಿಗೆ ಏನು ಹೇಳಿತು? "ಚೆನ್ನಾಗಿ ಹಾಲು ಕುಡಿ, ನಾಳೆ ಬರ್ತೀನಿ" ಅಂತ ಹೇಳಬಹುದಿತ್ತು. ಕರು ನೆಮ್ಮದಿಯಾಗಿ ಮಲಗ್ತಿತ್ತು. ಹುಲಿಗೆ ಕೊಟ್ಟ ಮಾತೂ ಉಳೀತಿತ್ತು. ಹಾಗೆ ಮಾಡಲಿಲ್ಲ. ವಾಪಸ್ ಹೋಗ್ತಿರೋದು ಹುಲಿಯ ಬಾಯಿಗೆ ಅಂತ ಪುಟ್ಟ ಕರುವಿಗೇ ಹೇಳಿತು. ಕರು ಅತ್ತಿತು, ಹೋಗಬೇಡ ಅಂತ ಬೇಡಿತು. ಉಳಿದ ಹಸುಗಳಿಗೂ ವಿಷಯ ಹೇಳಿ, ಕರುವನ್ನು ಅವರ ಕೈಗೆ ಒಪ್ಪಿಸಿ ಹೊರಟಿತು.

ಹುಲಿಗೆ ಹೇಳಿದ ಸತ್ಯಕ್ಕಿಂತ ಕರುವಿಗೆ ಹೇಳಿದ ಸತ್ಯ ಕಷ್ಟದ್ದು ಅಂತ ನನಗೆ ಅನ್ನಿಸುತ್ತೆ. ಹುಲಿಗೆ ಹೇಳಿದ್ದು ಮಾನದ ವಿಷಯ. ಕರುವಿಗೆ ಹೇಳಿದ್ದು ಭೇಟಿಯ ವಿಷಯ. ಹೇಳದೇ ಹೋಗಿದ್ದರೆ ಅದು ಭೇಟಿ ಆಗ್ತಿರಲಿಲ್ಲ, ಹಾಲು ಕೊಟ್ಟು ಹೋದದ್ದು ಮಾತ್ರ ಆಗ್ತಿತ್ತು.

ಕಥೆ ಕಥೆಯಾಯ್ತು, ಎಲ್ಲ ಮನೆಗೂ ಅದನ್ನು ಅಳತೆಗೋಲು ಮಾಡೋಕೆ ಆಗಲ್ಲ ಅಂತ ನೀವು ಹೇಳಬಹುದು. ಒಪ್ತೀನಿ. ಎಲ್ಲ ಸತ್ಯವನ್ನೂ ಎಲ್ಲರಿಗೂ ಅದೇ ದಿನ ಹೇಳಲೇಬೇಕು ಅಂತ ನಾನು ನಂಬಲ್ಲ. ಆಪರೇಷನ್ ಮುಗಿಯೋವರೆಗೂ ಕೆಟ್ಟ ಸುದ್ದಿ ತಡೆದಿಡೋದು ನಮ್ಮ ಮನೆಗಳಲ್ಲಿ ಮೊದಲಿಂದಲೂ ಇದೆ, ಅದಕ್ಕೊಂದು ವಿವೇಕವೂ ಇದೆ. ಅದಕ್ಕೇ ಗ್ರಂಥಾಲಯದ ಮಗನನ್ನು ಸುಳ್ಳುಗಾರ ಅಂತ ಬೈಯೋಕೆ ನನಗೆ ಬಾಯಿ ಬರಲ್ಲ. ಆದರೂ ಅವರು ಮಾಡಿದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಸುಳ್ಳು ಪಾಪ ಅನ್ನೋ ಕಾರಣಕ್ಕಲ್ಲ. ಹದಿಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಿಂದ ಬಂದ ತಾಯಿ ಮಗನ ಬದುಕಿನ ಒಳಗೆ ಇದ್ದರು, ಆದರೆ ಪ್ರವಾಸಿಯಾಗಿ ಇದ್ದರು. ಊರು ತೋರಿಸಿದ ಹಾಗೆ ಅವರು ತಮ್ಮ ಬದುಕನ್ನೂ ತೋರಿಸಿದರು, ಚೆಂದ ಕಾಣುವ ಕಡೆಯಿಂದ ಮಾತ್ರ. ಮನೆಯಲ್ಲಿ ನಾಲ್ಕು ಜನ, ಮೂವರಿಗೆ ಗೊತ್ತು, ಒಬ್ಬರಿಗೆ ಗೊತ್ತಿಲ್ಲ. ಆ ಒಬ್ಬರು ಮನೆಯವರಲ್ಲ, ಅತಿಥಿ. ಅತಿಥಿಯನ್ನು ದೇವರು ಅಂತೀವಿ. ದೇವರ ಮುಂದೆ ಹಣ್ಣು ಇಡ್ತೀವಿ, ಮನೆಯ ಲೆಕ್ಕ ಇಡಲ್ಲ.

ಮಗುವಿನ ವಿಷಯವನ್ನೂ ಮರೆಯೋ ಹಾಗಿಲ್ಲ. ಅಜ್ಜಿಯ ಹತ್ತಿರ ಮಾತಾಡೋಕೆ ಅಂತಲೇ ಕನ್ನಡ ಕಲಿತ ಹುಡುಗ ಅದೇ ಕನ್ನಡದಲ್ಲಿ ಆ ಚಳಿಗಾಲ ಕಲಿತದ್ದು ಮಾತು ಹಾರಿಸೋದನ್ನು.

ಇದರ ಎದುರಿಗೆ ನಮ್ಮ ಮನೆಯಲ್ಲಿ ನಡೆದದ್ದೊಂದನ್ನು ಇಡ್ತೀನಿ. ನನ್ನ ಅಮ್ಮ ಶ್ರೀನಿವಾಸಪುರದ ಕಡೆಯವರು. ಅವರನ್ನು ಕರೆದುಕೊಂಡು ಗೋಲ್ಡನ್ ಗೇಟ್ ಸೇತುವೆಯ ಮೇಲೆ ನಡೆಯೋಕೆ ಹೋಗಿದ್ದೆವು. ಚಳಿಗಾಲದಲ್ಲಿ ಎರಡು ಮಳೆಗಳ ನಡುವೆ ಸಿಗುವ ಬಿಸಿಲಿನ ದಿನ ಅಲ್ಲಿಗೆ ಬಹಳ ಒಳ್ಳೆಯದು, ಬೇಸಗೆಯ ಮಂಜು ಇರಲ್ಲ, ಎಲ್ಲ ನಿಚ್ಚಳ. ಸೇತುವೆಯ ಬಗ್ಗೆ ನಾವು ಹೇಳೋದೆಲ್ಲ ಹೇಳಿದೆವು: 1937ರ ಮೇ ತಿಂಗಳಲ್ಲಿ ತೆರೆದದ್ದು, 2.7 ಕಿಲೋಮೀಟರ್ ಉದ್ದ, ಗೋಪುರಗಳು 746 ಅಡಿ ಎತ್ತರ, ಬಣ್ಣ ಕೆಂಪಲ್ಲ ಅದಕ್ಕೆ 'ಇಂಟರ್‌ನ್ಯಾಷನಲ್ ಆರೆಂಜ್' ಅಂತ ಹೆಸರು. ಅಮ್ಮ ಕಂಬಿಯಿಂದ ಕೆಳಗೆ ಇಣುಕಿ, "ಅದೇನು ಬಲೆ? ಮೀನಿಗಾ?" ಅಂತ ಕೇಳಿದರು.

ಆ ಬಲೆ ಏನು ಅಂತ ನಿಮಗೆ ಗೊತ್ತಿರಬಹುದು. ಆ ಸೇತುವೆಯಿಂದ ಹಾರಿ ಜೀವ ಕಳೆದುಕೊಂಡವರ ಸಂಖ್ಯೆ ಎರಡು ಸಾವಿರದ ಹತ್ತಿರ. ಮಕ್ಕಳನ್ನು ಕಳೆದುಕೊಂಡ ಅಪ್ಪ ಅಮ್ಮಂದಿರು ವರ್ಷಗಟ್ಟಲೆ ಕೇಳಿ, ವಾದ ಮಾಡಿ, ಕೊನೆಗೆ ನಡಿಗೆಯ ದಾರಿಯಿಂದ 20 ಅಡಿ ಕೆಳಗೆ ಎರಡೂ ಬದಿಗೆ ಸ್ಟೀಲ್ ಬಲೆ ಹಾಕಿದರು. 2024ರ ಜನವರಿಯಲ್ಲಿ ಅದು ಮುಗಿಯಿತು. ಸೇತುವೆಯ ಅಂದ ಕೆಡುತ್ತೆ ಅಂತ ಅದಕ್ಕೆ ವಿರೋಧವೂ ಇತ್ತು.

ನಾನು ಉತ್ತರ ಕೊಡೋಷ್ಟರಲ್ಲಿ ಹದಿನಾಲ್ಕು ವರ್ಷದ ಮಗಳು ಹೇಳಿಬಿಟ್ಟಳು. ಅವಳ ಕನ್ನಡದಲ್ಲಿ ಮೆತ್ತಗೆ ಮಾತಾಡೋಕೆ ಬೇಕಾದಷ್ಟು ಪದಗಳಿಲ್ಲ. "ಜನ ಬೇಕು ಅಂತ ಬೀಳ್ತಾರೆ ಅಜ್ಜಿ. ಸಾಯೋಕೆ. ಅದಕ್ಕೆ ಹಾಕಿದಾರೆ."

ಅಮ್ಮ ಸುಮ್ಮನೆ ಸ್ವಲ್ಪ ಹೊತ್ತು ನಿಂತರು. ಆಮೇಲೆ, "ನಮ್ಮೂರ ಬಾವಿಗೂ ಹಿಂಗೇ ಆಮೇಲೆ ಕಂಬಿ ಹಾಕಿದ್ರು" ಅಂದರು. ಯಾವ ಬಾವಿ, ಯಾರು, ಅಂತ ಮಗಳು ಕೇಳಿದಳು. ನನಗೂ ಗೊತ್ತಿಲ್ಲದ ಒಂದು ಹೆಸರು ಬಂತು, ಅಮ್ಮನ ಜೊತೆ ಏಳನೆಯ ಕ್ಲಾಸಿನವರೆಗೆ ಓದಿದ ಹುಡುಗಿ. ಮದುವೆಯಾದ ಎರಡನೆಯ ವರ್ಷ. ಊರಿನವರು ಕಾಲು ಜಾರಿತು ಅಂತ ಹೇಳಿದರಂತೆ, ಆಮೇಲೆ ಯಾರೂ ಆ ಮಾತೇ ಎತ್ತಲಿಲ್ಲವಂತೆ. ಸೇತುವೆಯ ಮಧ್ಯದವರೆಗೆ ಅಜ್ಜಿ ಮೊಮ್ಮಗಳು ಅದನ್ನೇ ಮಾತಾಡ್ತಾ ನಡೆದರು. ಮಗಳು ಇನ್ನೊಂದು ವಿಷಯ ಹೇಳಿದಳು, ಶಾಲೆಯಲ್ಲಿ ಓದಿದ್ದು: ಸೇತುವೆ ಕಟ್ಟುವಾಗಲೂ ಕೆಳಗೆ ಒಂದು ಬಲೆ ಇತ್ತು. ಅದರಲ್ಲಿ ಬಿದ್ದು ಉಳಿದುಕೊಂಡ ಕೆಲಸಗಾರರು 19 ಜನ. ಕಟ್ಟುವಾಗ ಸತ್ತವರು 11, ಅದರಲ್ಲಿ ಹತ್ತು ಜನ ಒಂದೇ ದಿನ, ಅಟ್ಟಣೆಯೇ ಕುಸಿದು ಬಲೆಯನ್ನು ಹರಿದುಕೊಂಡು ಹೋದಾಗ. "ಮುಂಚೆ ಕೆಲಸದೋರಿಗೆ ಹಾಕಿದ್ರು, ಈಗ ಎಲ್ಲರಿಗೂ ಹಾಕಿದಾರೆ, ಅಲ್ವಾ?" ಅಂದರು ಅಮ್ಮ.

ರಜೆಯ ದಿನ ಇಂಥದ್ದನ್ನು ಮಾತಾಡಬೇಕಿತ್ತಾ ಅಂತ ನಿಮಗೆ ಅನ್ನಿಸಬಹುದು. ಸಾವಿನ ಮಾತೇ ಆಗಬೇಕು ಅಂತ ನಾನು ಹೇಳ್ತಿಲ್ಲ. ಅಂದವಾದ ಜಾಗದ ಕಷ್ಟವನ್ನೂ ತೋರಿಸಿದರೆ ನೋಡುವವರು ತಮ್ಮದನ್ನೂ ತೆಗೆದು ತೋರಿಸ್ತಾರೆ. "ರಿಪೇರಿಗೆ ಹಾಕಿದಾರಮ್ಮ" ಅಂದಿದ್ದರೆ ಆ ಬಾವಿ ಶ್ರೀನಿವಾಸಪುರದ ಹತ್ತಿರವೇ ಉಳಿದುಹೋಗ್ತಿತ್ತು.

ಅಮ್ಮಂದಿರು ನೋಡೋಕೆ ಮಾತ್ರ ಬರೋದಲ್ಲ ಅನ್ನೋದಕ್ಕೆ ಹಗುರವಾದ ಉದಾಹರಣೆಯೂ ಇದೆ. ಸಾಂತಾ ಕ್ರೂಜ್‌ನ ನ್ಯಾಚುರಲ್ ಬ್ರಿಡ್ಜಸ್ ಕಡಲತೀರದಲ್ಲಿ ಒಂದು ಚಿಕ್ಕ ತೋಪಿದೆ. ಚಳಿಗಾಲದಲ್ಲಿ ಮೊನಾರ್ಕ್ ಚಿಟ್ಟೆಗಳು ಅಲ್ಲಿ ಗೊಂಚಲು ಗೊಂಚಲಾಗಿ ನೇತಾಡ್ತವೆ, ಬಿಸಿಲು ಬಿದ್ದಾಗ ಒಮ್ಮೆಗೇ ಹಾರ್ತವೆ. ಈ ವರ್ಷ ಬಂದ ಚಿಟ್ಟೆಗಳು ಹಿಂದೆ ಈ ಜಾಗವನ್ನು ನೋಡಿದವಲ್ಲ. ವಸಂತದಲ್ಲಿ ಇಲ್ಲಿಂದ ಹೋದವುಗಳ ಮೊಮ್ಮಕ್ಕಳು, ಮರಿಮಕ್ಕಳು. ದಾರಿ ಹೇಗೆ ಗೊತ್ತು ಅನ್ನೋದೇ ಬೆರಗು. ನಾವು ತೋರಿಸೋಕೆ ಹೋದದ್ದು ಅದನ್ನು. ಅಮ್ಮ ತೋಪಿನ ಬಾಯಲ್ಲೇ ನಿಂತು ಒಂದು ಎಲೆ ಮುರಿದು ಮೂಸಿ, "ಇದು ನೀಲಗಿರಿ ಕಣೋ!" ಅಂದರು. ನಿಜ. ಚಿಟ್ಟೆಗಳು ಕೂತಿದ್ದ ಮರಗಳೆಲ್ಲ ನೀಲಗಿರಿ. ಚಿನ್ನದ ಹುಚ್ಚಿನ ಕಾಲದಲ್ಲಿ, 1850ರ ದಶಕದಲ್ಲಿ, ಆಸ್ಟ್ರೇಲಿಯಾದಿಂದ ಕ್ಯಾಲಿಫೋರ್ನಿಯಾಕ್ಕೆ ಬಂದ ಮರ. ನಮ್ಮ ಕೋಲಾರದ ಕಡೆ ಎಕರೆಗಟ್ಟಲೆ ಹಾಕಿಸಿ, ನೆಲದ ನೀರು ಕುಡಿಯುತ್ತೆ ಅಂತ 2017ರಲ್ಲಿ ಕರ್ನಾಟಕ ಸರ್ಕಾರವೇ ಹೊಸದಾಗಿ ನೆಡಬೇಡಿ ಅಂತ ತಡೆದ ಮರ. ಅಮ್ಮ ಅದರ ಬಗ್ಗೆ ಒಂದು ಗಂಟೆ ಹೇಳಿದರು. ಬೋರ್‌ವೆಲ್ ಎಷ್ಟು ಅಡಿಯಿಂದ ಎಷ್ಟು ಅಡಿಗೆ ಹೋಯ್ತು, ಯಾರ ಮಾವಿನ ತೋಪು ಒಣಗಿತು, ಯಾರು ಬೇರು ಕೀಳಿಸಿದರು. ಕಾವಲಿನಲ್ಲಿದ್ದ ಸ್ವಯಂಸೇವಕಿಗೆ ಮಗಳು ಅದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದಳು. ಅವರು ಕೈಯಲ್ಲಿದ್ದ ಬೈನಾಕ್ಯುಲರ್ ಕೆಳಗಿಟ್ಟು ಕೇಳಿದರು.

ಗೊರೂರು ರಾಮಸ್ವಾಮಿ ಅಯ್ಯಂಗಾರರು ವಯಸ್ಸಾದ ಮೇಲೆ ಈ ದೇಶಕ್ಕೆ ಬಂದು 'ಅಮೆರಿಕಾದಲ್ಲಿ ಗೊರೂರು' ಬರೆದರು, 1980ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಆ ಹೆಸರನ್ನೇ ನೋಡಿ. ಅಮೆರಿಕಾ ನೋಡಿದ ಗೊರೂರು ಅಲ್ಲ, ಅಮೆರಿಕಾದಲ್ಲಿ ಗೊರೂರು. ಬರುವವರು ತಮ್ಮ ಊರನ್ನು ಜೊತೆಗೆ ತಂದಿರ್ತಾರೆ. ನಾವು ಅದಕ್ಕೆ ಕಾರಿನಲ್ಲಿ ಜಾಗ ಬಿಟ್ಟಿದೀವಾ ಅನ್ನೋದು ಬೇರೆ ಮಾತು.

ಅಮ್ಮ ಬಂದು ನೋಡಿ ಹೋಗೋದು ಎಲ್ಲ ಕಾಲಕ್ಕೂ ಸಿಕ್ಕಿದ್ದೂ ಅಲ್ಲ. ಸೇತುವೆಯ ಮೇಲೆ ನಿಂತರೆ ಕೊಲ್ಲಿಯ ಒಳಗಡೆ ಏಂಜಲ್ ಐಲೆಂಡ್ ಕಾಣುತ್ತೆ. 1910ರಿಂದ 1940ರವರೆಗೆ ಏಷ್ಯಾದಿಂದ ಬಂದವರನ್ನು ಅಲ್ಲಿ ತಡೆದು ವಿಚಾರಣೆ ಮಾಡ್ತಿದ್ದರು. ಚೀನಾದವರು ಮರದ ಗೋಡೆಗಳ ಮೇಲೆ ಕೆತ್ತಿದ ಪದ್ಯಗಳು ಈಗಲೂ ಇವೆ. ಭಾರತದವರೂ ಅಲ್ಲಿದ್ದರು. 1917ರ ಕಾನೂನು ಭಾರತದಿಂದ ವಲಸೆ ಬರುವ ದಾರಿಯನ್ನೇ ಹೆಚ್ಚುಕಡಿಮೆ ಮುಚ್ಚಿತು. 1946ರಲ್ಲಿ ವರ್ಷಕ್ಕೆ ನೂರು ಜನ ಅಂತ ಒಂದು ಸಣ್ಣ ಬಾಗಿಲು ತೆರೆದರು, 1965ರ ನಂತರವೇ ಅದು ಅಗಲವಾದದ್ದು. ಅದಕ್ಕೆ ಮುಂಚೆ ಈ ಕಣಿವೆಯ ಹೊಲಗಳಲ್ಲಿ ದುಡಿದ ಪಂಜಾಬಿನ ಗಂಡಸರಲ್ಲಿ ಬಹಳ ಜನ ತಮ್ಮ ತಾಯಿಯ ಮುಖವನ್ನು ಮತ್ತೆ ನೋಡಲಿಲ್ಲ. ಅವರ ಕೈಯಲ್ಲಿದ್ದದ್ದು ಕಾಗದ ಮಾತ್ರ, ಕಾಗದದಲ್ಲಿ ಎಲ್ಲರೂ ಕ್ಷೇಮ. ನಮಗೆ ಸಿಗುವ ಆರು ತಿಂಗಳ ವೀಸಾ, ಬಂದು ಹೋಗೋಕೆ ವಿಮಾನ, ಇವೆಲ್ಲ ಇದ್ದೂ ನಾವು ಎದುರಿಗೆ ಕೂತು ಕಾಗದದ ಭಾಷೆಯನ್ನೇ ಆಡಿದರೆ ಅದು ವಿಚಿತ್ರ.

ಗ್ರಂಥಾಲಯದ ಮಗನ ಕಥೆ ಇನ್ನೂ ಸ್ವಲ್ಪ ಇದೆ. ಹೊಸ ಕೆಲಸ ಗಟ್ಟಿಯಾದ ಮೇಲೆ, ಯುಗಾದಿ ದಿನ ಫೋನಿನಲ್ಲಿ, ಬೇವು ಬೆಲ್ಲದ ಮಾತಿನ ನಡುವೆ ಅವರು ತಾಯಿಗೆ ಎಲ್ಲ ಹೇಳಿದರು. ಈಗ ತೊಂದರೆ ಇಲ್ಲವಲ್ಲ, ನಗ್ತಾರೆ ಅಂದುಕೊಂಡಿದ್ದರು. ತಾಯಿ ನಗಲಿಲ್ಲ, ಬೈಯಲೂ ಇಲ್ಲ. ಒಂದೊಂದೇ ಕೇಳಿದರು. "ಅವತ್ತು ಆ ಸೇತುವೆಗೆ ಹೋದಾಗ ಕೆಲಸ ಇರಲಿಲ್ಲವಾ?" ಇರಲಿಲ್ಲ. "ಆ ದೊಡ್ಡ ಮರದ ಹತ್ತಿರ ನನಗೆ ಶಾಲು ಕೊಡಿಸಿದೆಯಲ್ಲ, ಆಗ?" ಆಗಲೂ ಇರಲಿಲ್ಲ. "ಪುಟ್ಟನಿಗೆ ಗೊತ್ತಿತ್ತಾ?" ಗೊತ್ತಿತ್ತು.

ಅವರು ಫೋಟೋಗಳನ್ನು ಮತ್ತೊಮ್ಮೆ ನೋಡ್ತಾ ಇದ್ದರು, ಒಂದೊಂದಾಗಿ. ನಮ್ಮ ನೆನಪಿನ ಕಷ್ಟವೇ ಇದು. ಆಗಿಹೋದ ದಿನವನ್ನು ಆಮೇಲೆ ಗೊತ್ತಾದ ವಿಷಯ ಹಿಂದಕ್ಕೆ ಹೋಗಿ ಮುಟ್ಟುತ್ತೆ. ತಾಯಿಗೆ ಒಳ್ಳೆಯ ನೆನಪು ಕೊಡಬೇಕು ಅಂತ ಮಾಡಿದ್ದು ಆ ನೆನಪಿಗೇ ಬಂದು ತಗುಲಿತು. ಅಷ್ಟರಲ್ಲಿ ಆ ಫೋಟೋಗಳನ್ನು ಅವರು ಅರ್ಧ ಬೀದಿಗೆ ತೋರಿಸಿ ಆಗಿತ್ತು.

"ಹೇಳಿದ್ದರೆ ನೀನು ಬರ್ತಿದ್ದೆಯಾ?" ಅಂತ ಮಗ ಕೇಳಿದರಂತೆ.

"ಬರ್ತಿದ್ದೆ. ಶಾಲು ಬೇಡ ಅಂತಿದ್ದೆ" ಅಂದರಂತೆ ತಾಯಿ.

ಆ ವರ್ಷ ದೀಪಾವಳಿ ಆದ ಮೇಲೆ ಅವರು ಮತ್ತೆ ಬಂದರು. ಈ ಸಲ ಅಮ್ಮ ಮೊದಲ ದಿನವೇ ಎರಡು ವಿಷಯ ಕೇಳಿದರು ಅಂತ ಮಗ ಹೇಳಿದರು. ಒಂದು, ಬಾಡಿಗೆ ಎಷ್ಟು. ಇನ್ನೊಂದು, ಆ ಗ್ರಂಥಾಲಯ ಎಲ್ಲಿದೆ, ಅದನ್ನು ನೋಡಬೇಕು. ಮಂಗಳವಾರ ಮಧ್ಯಾಹ್ನ ಹೋದರಂತೆ. ಮಗ ಕೂರ್ತಿದ್ದ ಮೇಜು, ಡಬ್ಬಿ ತಿಂತಿದ್ದ ಹೊರಗಿನ ಬೆಂಚು, ಇಂಟರ್ವ್ಯೂ ಕೊಡ್ತಿದ್ದ ಗಾಜಿನ ಕೋಣೆ, ಎಲ್ಲ ನೋಡಿದರಂತೆ. ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದು, ಇಲ್ಲಿ ಚಳಿ ಜಾಸ್ತಿ, ಒಳಗೇ ತಿನ್ನಬಹುದಿತ್ತಲ್ಲ ಅಂದರಂತೆ.

ಒಳಗೆ ಊಟಕ್ಕೆ ಬಿಡಲ್ಲ ಅಂತ ಮಗ ಹೇಳಿದರಂತೆ.